ಕೌದಿ ಗೋಡೆಯ ಕೋಣೆಯಲ್ಲಿ ನೀಲಾಂಬಿಕಾ

ಐದು ಬಳೆ ಸಲೀಸಾಗಿ ಬಂದಿವೆ. ಆರನೆಯದು ಹೆಬ್ಬೆರಳಿನ ಬುಡದಲ್ಲಿ ತಡೆಯುತ್ತದೆ. ನೀಲಾಂಬಿಕಾ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕುಳಿತು, ಮಣಿಕಟ್ಟಿಗೆ ಇನ್ನಷ್ಟು ಸಾಬೂನಿನ ನೊರೆ ಹಚ್ಚಿ, ಬೆರಳುಗಳನ್ನು ಮೊಗ್ಗಿನಂತೆ ಕೂಡಿಸಿ ಮೆಲ್ಲಗೆ ತಿರುಗಿಸುತ್ತಾರೆ. ಅವಸರ ಮಾಡುವಂತಿಲ್ಲ. ಗಾಜಿನ ಬಳೆ, ಅವಸರ ಮಾಡಿದರೆ ಹೆಚ್ಚಿಬಿಡುತ್ತದೆ. ಬಳೆ ‘ಒಡೆಯಿತು’ ಎನ್ನುವ ಮಾತನ್ನು ನಮ್ಮ ಕಡೆ ಯಾರೂ ಬಾಯಿಗೆ ತರುವುದಿಲ್ಲ.

ಹಿರೇಬೆಂಡಿಗೇರಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಎಮ್ಮೆ ಹಿಂಡುವವರ ಮನೆಯಲ್ಲಿ ಮಾತ್ರ ದೀಪ. ಬಳೆಗಳನ್ನೆಲ್ಲ ತೊಳೆದು, ಒಂದು ಕೆಂಪು ದಾರದಲ್ಲಿ ಪೋಣಿಸಿ, ಕನ್ನಡಿ ಪಕ್ಕದ ಮೊಳೆಗೆ ತೂಗುಹಾಕುತ್ತಾರೆ. ಸಂಜೆ ಬಂದ ಮೇಲೆ ಮತ್ತೆ ಒಂದೊಂದಾಗಿ ಏರಿಸಬೇಕು. ಕೆಲಸದ ದಿನವೆಲ್ಲ ಇದೇ ಪಾಠ.

ಅಡುಗೆಮನೆಯಲ್ಲಿ ಅತ್ತೆ ಹೊನ್ನವ್ವ ಆಗಲೇ ತಮ್ಮ ಪಾಲಿನ ಚಹಾ ಕಾಸಿಕೊಂಡು ಕುಡಿಯುತ್ತಿದ್ದಾರೆ. ಸೊಸೆಯ ಬಳೆಯಿಲ್ಲದ ಕೈಯಿಂದ ಅವರು ಲೋಟ ಇಸಿದುಕೊಳ್ಳುವುದಿಲ್ಲ. ಜಗಳವಿಲ್ಲ, ಬೈಗುಳವಿಲ್ಲ, ಕೈ ಮುಂದೆ ಬರುವುದಿಲ್ಲ, ಅಷ್ಟೆ. ಹೊನ್ನವ್ವನ ಮಗ, ನೀಲಾಂಬಿಕಾ ಅವರ ಗಂಡ ಮಾಲತೇಶ, ಲಾರಿ ಓಡಿಸುತ್ತಾರೆ. ತಿಂಗಳಲ್ಲಿ ಮುಕ್ಕಾಲು ಪಾಲು ರಸ್ತೆಯ ಮೇಲೆ. ಮಗ ದಾರಿಯಲ್ಲಿರುವಾಗ ಸೊಸೆ ಮುಂಜಾನೆ ಎದ್ದು ಬಳೆ ತೆಗೆದಿಡುತ್ತಾಳೆಂದರೆ ಆ ತಾಯಿಯ ಎದೆಯಲ್ಲಿ ಏನಾಗುತ್ತದೆ ಎಂದು ಯಾರಾದರೂ ಊಹಿಸಬಹುದು.

“ಅತ್ತೀದು ತಪ್ಪಿಲ್ರಿ” ಎನ್ನುತ್ತಾರೆ ನೀಲಾಂಬಿಕಾ, ಶಿಗ್ಗಾವಿಯ ಬಸ್ಸಿಗೆ ಕಾಯುತ್ತ. “ಅವರಿಗೆ ಅಂಜಿಕಿ. ನನಗ ಕೆಲಸ. ನಮ್ಮವರಿಗೆ ಕೇಳಿದ್ರ, ‘ನೀ ಬಳಿ ತಗದಿ ಅಂತ ಲಾರಿ ಪಂಚರ್ ಆಗಾಂಗಿಲ್ಲ, ಮೊಳಿ ತುಳದ್ರ ಆಕ್ಕೇತಿ’ ಅಂತ ನಗ್ತಾರ. ನಗಾವ್ರು ಅಲ್ಲೆ ದೂರ ಇರ್ತಾರ. ಮನ್ಯಾಗ ಇರಾವ್ರು ನಾವಿಬ್ರ.”

ಅವರ ಕೆಲಸವೆಂದರೆ ಕಿವಿ ಪರೀಕ್ಷೆ. ಒಂದು ಧರ್ಮಾರ್ಥ ಸಂಸ್ಥೆ ನಾಲ್ಕು ತಾಲ್ಲೂಕಿನ ಊರುಗಳಲ್ಲಿ ಒಂದೊಂದು ಕೋಣೆ ಹಿಡಿದು ಶ್ರವಣ ಕೇಂದ್ರ ನಡೆಸುತ್ತದೆ. ಹಾನಗಲ್ಲಿಗೆ ಒಂದು ದಿನ, ಶಿಗ್ಗಾವಿಗೆ ಒಂದು ದಿನ, ಸವಣೂರಿಗೆ ಒಂದು ದಿನ, ಹಿರೇಕೆರೂರಿಗೆ ಎರಡು. ರಟ್ಟೀಹಳ್ಳಿ ಕಡೆಯವರೂ ಅಲ್ಲಿಗೇ ಬರುವುದರಿಂದ ಎರಡು. ವೈದ್ಯರು ತಿಂಗಳಿಗೆ ಎರಡು ಸಲ ಬರುತ್ತಾರೆ. ಉಳಿದ ದಿನವೆಲ್ಲ ಯಂತ್ರ, ಕೋಣೆ, ಕೀಲಿಕೈ ಎಲ್ಲವೂ ನೀಲಾಂಬಿಕಾ ಅವರದೇ ಜವಾಬ್ದಾರಿ. ಹುಟ್ಟಿದ್ದು ಹಾನಗಲ್ಲ ತಾಲ್ಲೂಕಿನ ಆಡೂರು. ಮದುವೆಯಾದ ಮೇಲೆ, ಗಂಡನೇ ಅರ್ಜಿ ತಂದುಕೊಟ್ಟು ಓದಿಸಿದ ಒಂದು ವರ್ಷದ ಡಿಪ್ಲೊಮಾ. ಈಗ ನಲವತ್ತೆರಡರ ವಯಸ್ಸು. ಬರುವವರು ಹೆಸರು ಹಿಡಿಯುವುದಿಲ್ಲ, ‘ಕಿವಿ ಅಕ್ಕಾರು’ ಎನ್ನುತ್ತಾರೆ. ದಿನಕ್ಕೆ ಎಷ್ಟು ಮಂದಿ ಎಂದು ಕೇಳಿದರೆ, “ಮಂದಿ ಲೆಕ್ಕ ಇಟ್ಟಿಲ್ರಿ, ಕಿವಿ ಲೆಕ್ಕ ಹೇಳಬಹುದು. ಇಪ್ಪತ್ತೋ ಇಪ್ಪತ್ತೈದೋ ಕಿವಿ. ಕೆಲವರು ‘ಇದೊಂದ ನೋಡ್ರಿ, ಅದು ಚಲೋ ಐತಿ’ ಅಂತ ಒಂದ ತೋರಿಸಿ ಎದ್ದ ಹೊಕ್ಕಾರ” ಎನ್ನುತ್ತಾರೆ.

ಇವತ್ತು ಸವಣೂರಿನ ಪಾಳಿ, ಶಿಗ್ಗಾವಿಯಲ್ಲಿ ಬಸ್ಸು ಬದಲಿಸಿ ಬರಬೇಕು. ಕೋಣೆ ಒಂದು ಹಳೆಯ ಓಣಿಯ ಕೊನೆಯಲ್ಲಿದೆ, ಮೊದಲು ಯಾರದೋ ಕಾಳಿನ ಉಗ್ರಾಣವಾಗಿತ್ತು. ಒಳಗೆ ಹೋದರೆ ಬೇರೆಯೇ ಲೋಕ. ನಾಲ್ಕೂ ಗೋಡೆಗೆ, ಬಾಗಿಲಿನ ಒಳಮೈಗೆ, ಕಿಟಕಿಗೆ ಕೌದಿ ಬಡಿದಿದ್ದಾರೆ. ಹಳೆ ಸೀರೆಗಳನ್ನು ಪದರ ಪದರವಾಗಿ ಹಾಕಿ ಹೊಲಿದ, ಹಸಿರು ಕೆಂಪು ತುಂಡುಗಳ ದಪ್ಪ ಕೌದಿಗಳು. ಹೊರಗಿನ ಸದ್ದು ಅವುಗಳಲ್ಲಿ ಇಂಗಿಹೋಗುತ್ತದೆ. ಸದ್ದು ನುಂಗುವ ಹಲಗೆ ಹೊಡೆಸಲು ಸಂಸ್ಥೆಯಲ್ಲಿ ಅನುಕೂಲವಿರಲಿಲ್ಲ. ಹೊನ್ನವ್ವ ಹೊಲಿದು ಮಡಚಿಟ್ಟಿದ್ದ ಕೌದಿಗಳು ಮನೆಯಲ್ಲಿದ್ದವು. ಬಳೆಯ ವಿಷಯ ಬರುವುದಕ್ಕೂ ಮೊದಲು ಆಕೆ ತಾನಾಗಿಯೇ ಎತ್ತಿಕೊಟ್ಟದ್ದು. ಈಗಲೂ ಮರಳಿ ಕೇಳಿಲ್ಲ.

ಫ್ಯಾನು ಬಂದ್. ಮೊಬೈಲು ಹೊರಗೆ. ಬಂದವರಿಗೆ ಗೋಡೆಗೆ ಮುಖಮಾಡಿದ ಕುರ್ಚಿ. ತಲೆಗೆ ಹೆಡ್‌ಫೋನು ಇಟ್ಟು, ಕೈಗೊಂದು ಗುಂಡಿ ಕೊಡುತ್ತಾರೆ. ಕಿವಿಯಲ್ಲಿ ಸಣ್ಣ ನಾದ ಬಂದಾಗ ಗುಂಡಿ ಒತ್ತಬೇಕು. ನಾದ ಬರಬರುತ್ತ ಸಣ್ಣದಾಗುತ್ತದೆ. ಯಾವ ಮಟ್ಟದಲ್ಲಿ ಒತ್ತುವುದು ನಿಲ್ಲುತ್ತದೋ ಅಲ್ಲಿಗೆ ಗೆರೆ. ಕೇಳಲು ಸುಲಭದ ಕೆಲಸ.

“ಸುಲಭ ಅಲ್ರಿ ಅದು. ನಮ್ಮ ಮಂದೀದು ಒಂದು ಗುಣ ಐತಿ. ಅಕ್ಕಾರು ಇಷ್ಟು ಕಷ್ಟಪಟ್ಟು ಕುಂತಾರ, ಒತ್ತದಿದ್ರ ಬ್ಯಾಸರ ಮಾಡ್ಕೊಂಡಾರು ಅಂತ ಒತ್ತತಾರ! ಮೊದಲ ಎದುರಿಗೆ ಕುಂದ್ರಸ್ತಿದ್ದೆ. ನನ್ನ ಮಾರಿ ನೋಡಿ, ಹುಬ್ಬು ನೋಡಿ ಒತ್ತಾವ್ರು. ಅದಕ್ಕ ಕುರ್ಚಿ ಗ್ವಾಡಿ ಕಡೆ ತಿರಿಗಿಸಿದೆ. ಆಮ್ಯಾಲೆ ಒಬ್ಬಾಕಿ ಮುದುಕಿ ಬಂದಿದ್ಲು, ಹಿರೇಕೆರೂರಾಗ. ಗೆರಿ ಹಾಕಿ ನೋಡಿದ್ರ ಹುಡುಗೂರ ಕಿವಿಕಿಂತ ಚಲೋ! ‘ಏನವಾ ಆಯಿ, ಇಷ್ಟು ಚುರುಕು ಕಿವಿ?’ ಅಂದೆ. ‘ನಿನ್ನ ಬಳಿ ಕುಣದಾಗೊಮ್ಮೆ ಒತ್ತೇನಿ ನೋಡವಾ, ಒಂದೂ ತಪ್ಪಿಸಿಲ್ಲ’ ಅಂದ್ಲು!”

ಹೇಳಿ ನಗುತ್ತಾರೆ. ನಾದ ಬಿಡಲು ಸ್ವಿಚ್ಚಿನ ಮೇಲೆ ಕೈ ಆಡಿಸಿದಾಗೆಲ್ಲ ಗಾಜಿನ ಬಳೆ ಕಿಣಿ ಎನ್ನುತ್ತಿತ್ತು. ಅಷ್ಟು ಮೌನದ ಕೋಣೆಯಲ್ಲಿ ಆ ಕಿಣಿ ಹೆಡ್‌ಫೋನಿನ ಒಳಗೂ ಹೋಗುತ್ತಿತ್ತು. ಆದರೆ ಅಂದು ನಕ್ಕು ಬಿಟ್ಟವರು ಬಳೆ ತೆಗೆದಿಟ್ಟಿರಲಿಲ್ಲ, ಎರಡು ಸರಿಸಿ ಮೇಲಕ್ಕೆ ಏರಿಸಿಕೊಂಡಿದ್ದರು. ಪೂರ್ತಿ ತೆಗೆದಿಟ್ಟದ್ದು ಸವಣೂರಿನ ಮಹಮ್ಮದಗೌಸರ ಪ್ರಕರಣವಾದ ಮೇಲೆ.

ಮಹಮ್ಮದಗೌಸ ಮೂವತ್ತು ವರ್ಷ ಇಲ್ಲಿನ ಎಲೆಪೇಟೆಯಲ್ಲಿ ಸವಾಲು ಕೂಗಿದವರು. ಸವಣೂರೆಂದರೆ ವೀಳ್ಯದೆಲೆ. ಬೆಳಕು ಹರಿಯುವ ಮೊದಲೇ ತೋಟಗಳಿಂದ ಎಲೆಯ ಪೆಂಡಿಗಳು, ದೊಡ್ಡ ಕಟ್ಟುಗಳು, ಬಂದು ಬೀಳುತ್ತವೆ. ಒಬ್ಬ ಕಟ್ಟೆಯ ಮೇಲೆ ನಿಂತು ದರ ಕೂಗುತ್ತಾನೆ. ಸುತ್ತ ನಿಂತ ವ್ಯಾಪಾರಿಗಳು ಏರಿಸುತ್ತ ಹೋಗುತ್ತಾರೆ. ಟೆಂಪೋಗಳ ಹಾರ್ನು, ಹಮಾಲರ ಕೂಗು, ರೈತರ ಗೊಣಗಾಟ, ಅದರ ನಡುವೆ ಯಾವ ಬಾಯಿಂದ ಯಾವ ದರ ಬಂತು ಎಂದು ಹಿಡಿದು, ಕೊನೆಯ ದರಕ್ಕೆ ಸವಾಲು ಮುಗಿಸಿ ಪೆಂಡಿ ಒಪ್ಪಿಸಬೇಕು. ಕೂಗುವವನಿಗೆ ಗಂಟಲು ಇದ್ದರೆ ಸಾಲದು, ಕಿವಿ ಬೇಕು. ಗೌಸರ ಕಿವಿಯ ಮೇಲೆ ಇಡೀ ಪೇಟೆಗೆ ನಂಬಿಕೆಯಿತ್ತು.

ಆ ಕಿವಿಯಲ್ಲಿ ಎರಡು ವರ್ಷದ ಹಿಂದೆ ಒಂದು ಸದ್ದು ಬಂದು ಕೂತಿತು. ಸುತ್ತ ಯಾರಿಗೂ ಕೇಳದ, ತಮಗೊಬ್ಬರಿಗೇ ಕೇಳುವ ಸದ್ದು. ಇದಕ್ಕೆ ಪುಸ್ತಕದಲ್ಲಿ ಕಿವಿಮೊರೆತ ಎಂಬ ಹೆಸರಿದೆ. ಕೌದಿ ಕೋಣೆಗೆ ಬರುವವರ ಬಾಯಲ್ಲಿ ಹೆಸರುಗಳೇ ಬೇರೆ. ಗಿರಣಿ ನಡೆದಂತೆ ಎನ್ನುತ್ತಾನೆ ಒಬ್ಬ ಗಿರಣಿಯವನು. ಕುಕ್ಕರು ಸೀಟಿ ಹೊಡೆಯಲೂ ಆಗದೆ ಬಿಡಲೂ ಆಗದೆ ಒಳಗೇ ಕುದಿಯುವಂತೆ ಎನ್ನುತ್ತಾಳೆ ಒಬ್ಬ ತಾಯಿ. ಗೌಸರು ಹೇಳಿದ್ದು, “ಟಿ.ಸಿ. ಕೆಳಗ ನಿಂತಂಗ.” ಹೊಲದ ಬದುವಿನ ಟಿ.ಸಿ.ಯ, ಅಂದರೆ ವಿದ್ಯುತ್ ಟ್ರಾನ್ಸ್‌ಫಾರ್ಮರಿನ, ಗುಂಯ್ ಸದ್ದು ಗೊತ್ತಿದ್ದವರಿಗೆ ಅದು ಅರ್ಥವಾಗುತ್ತದೆ. ಆದರೆ ಟಿ.ಸಿ. ಕೆಳಗಿಂದ ನಾಲ್ಕು ಹೆಜ್ಜೆ ಸರಿದು ಬರಬಹುದು. ಇದರಿಂದ ಎಲ್ಲಿಗೆ ಸರಿಯುವುದು?

“ಚಮನಬಿಗೆ ಹೇಳಿದ್ರ ‘ನನಗೇನೂ ಕೇಳವಲ್ದು’ ಅಂತಾಳ. ಆಕಿಗೆ ಹೆಂಗ ಕೇಳಬೇಕು?” ಎನ್ನುತ್ತಾರೆ ಗೌಸರು. ಚಮನಬಿ ಅವರ ಹೆಂಡತಿ. “ಒಂದ ಹಾಸಗ್ಯಾಗ ಮಲಗಿದ್ರೂ ನಾ ಒಬ್ಬಾಂವ ಇದ್ದಂಗ ಆತು.”

ಪೇಟೆಯಲ್ಲಿ ತಪ್ಪು ಶುರುವಾದದ್ದು ಆಮೇಲೆ. ಎಡಗಡೆ ನಿಂತವರು ಏರಿಸಿದ ದರ ಗೌಸರಿಗೆ ಸಿಗಲಿಲ್ಲ. ಬಲಗಡೆಯ ಕರಿಬಸಪ್ಪ ಎಂಬ ವ್ಯಾಪಾರಿಯ ದನಿ ದಪ್ಪ, ಅದೊಂದೇ ಕಿವಿಗೆ ಬೀಳುತ್ತಿತ್ತು. ಕಡಿಮೆ ದರಕ್ಕೆ ಪೆಂಡಿ ಕರಿಬಸಪ್ಪನ ಪಾಲಾಯಿತು. ಒಂದು ಸಲ ಆದರೆ ಆಕಸ್ಮಿಕ. ಮತ್ತೆ ಮತ್ತೆ ಆದಾಗ ಹುಚ್ಚಪ್ಪ ಎಂಬ ಎಲೆತೋಟದ ರೈತ ಎಲ್ಲರೆದುರು ಕೇಳಿಯೇಬಿಟ್ಟ: “ಗೌಸ ಚಾಚಾ, ಕರಿಬಸಪ್ಪ ಎಷ್ಟು ತಿನ್ನಿಸ್ಯಾನ?”

ಗೌಸರು ತಮಗೆ ಕೇಳಲಿಲ್ಲ ಎಂದರು. ಹಾಗಿದ್ದರೆ ಪರೀಕ್ಷೆ ಮಾಡಿಸಿಕೊಂಡು ಬಾ ಎಂದರು ಪೇಟೆಯ ಹಿರಿಯರು. ಬಂದದ್ದು ಈ ಕೋಣೆಗೇ. ನೀಲಾಂಬಿಕಾ ಎರಡೂ ಕಿವಿ ನೋಡಿದರು. ಸಣ್ಣ ಸಣ್ಣ ನಾದಕ್ಕೂ ಗೌಸರು ಗುಂಡಿ ಒತ್ತಿದರು. ನೀಲಾಂಬಿಕಾ ಕಾಗದದಲ್ಲಿ ಅಚ್ಚಾಗಿದ್ದ ‘ನಾರ್ಮಲ್’ ಮೇಲೆ ಗುರುತು ಹಾಕಿ ಕೊಟ್ಟರು.

ಆ ಕಾಗದವನ್ನು ಪೇಟೆಯ ಕಟ್ಟೆಯ ಮೇಲೆ ಗಟ್ಟಿಯಾಗಿ ಓದಲಾಯಿತು. ಓದಿದ ಹಿರಿಯರು ಹೇಳಿದ ಮಾತು ಸವಣೂರಿನ ಓಣಿಗಳಲ್ಲಿ ಬಹಳ ದಿನ ತಿರುಗಾಡಿತು: “ಕಿವಿ ಚಲೋ ಅದಾವ. ಅಂದಮ್ಯಾಲೆ ಮನಸು ಚಲೋ ಇಲ್ಲ.”

ಗೌಸರು ಕಟ್ಟೆ ಇಳಿದರು.

“ಚಮನಬಿ ಚಾಚಿ ಬಂದ್ರು. ಜಗಳ ಮಾಡ್ತಾರ ಅಂತ ನಾ ಎದ್ದು ನಿಂತೆ. ಮಾಡಲಿಲ್ಲ. ಹಾಳಿ ನನ್ನ ಟೇಬಲ್ ಮ್ಯಾಲೆ ಇಟ್ಟು, ‘ನೀ ಸುಳ್ಳು ಬರದಿಲ್ಲ ಬೇಟಿ, ಗೊತ್ತೈತಿ. ಖರೇ ಬರದರೂ ನಮ್ಮ ಮಾನ ಹೋತು ನೋಡು’ ಅಂದ್ರು. ಬೈದಿದ್ರ ಚಲೋ ಇತ್ರಿ” ಎನ್ನುವಾಗ ನೀಲಾಂಬಿಕಾ ಅವರ ಕೈ ತಾನಾಗಿ ಬಳೆಯಿಲ್ಲದ ಮಣಿಕಟ್ಟನ್ನು ಸವರುತ್ತದೆ.

ಅವರಿಗೆ ಮೊದಲು ಅನುಮಾನ ಬಂದದ್ದು ತಮ್ಮ ಬಳೆಯ ಮೇಲೆ. ಗೌಸ ಚಾಚಾ ಕೂಡ ಬಳೆ ಕುಣಿದಾಗ ಒತ್ತಿರಬಹುದೇ? ಅಥವಾ ತಮ್ಮ ಕಿವಿಯೊಳಗಿನ ಗುಂಯ್ ಸದ್ದನ್ನೇ ಯಂತ್ರದ ನಾದ ಎಂದುಕೊಂಡು ಒತ್ತಿರಬಹುದೇ? ಮರುದಿನ ಮುಂಜಾನೆಯೇ ಹಿತ್ತಲಿನ ಕಲ್ಲಿನ ಮೇಲೆ ಕುಳಿತು ಬಳೆಗಳನ್ನು ತೆಗೆದಿಟ್ಟರು. ಸವಣೂರಿನ ಮುಂದಿನ ಪಾಳಿಗೆ ಗೌಸರನ್ನು ಕರೆಸಿದರು. ಈ ಸಲ ನಾದವನ್ನು ಒಂದೇ ಸಮ ಎಳೆಯದೆ, ತುಂಡು ತುಂಡಾಗಿ ಬಿಟ್ಟರು. “ಟೀ ಅಂತ ಎಳದ್ರ ಅದು ಮಷೀನದ್ದೋ ಅವರ ಕಿವೀದೋ ಅವರಿಗೂ ತಿಳಿಯಾಂಗಿಲ್ಲ. ಟಿಕ್ ಟಿಕ್ ಅಂತ ಕೊಟ್ರ ಬ್ಯಾರೆ ಆಗಿ ಕಾಣತೈತಿ.”

ಗೆರೆ ಬಂದದ್ದು ಮೊದಲಿನ ಜಾಗಕ್ಕೇ. ನಾರ್ಮಲ್. ಬಳೆಯ ತಪ್ಪಿರಲಿಲ್ಲ.

ಆದರೂ ಕೆಲಸದ ಹೊತ್ತಿನಲ್ಲಿ ಬಳೆ ಮತ್ತೆ ಕೈಗೆ ಏರಲಿಲ್ಲ. ಯಾಕೆಂದು ಕೇಳಿದರೆ, “ಇವರದರಾಗ ತಪ್ಪಾಗಿಲ್ಲ, ಖರೆ. ಆ ಮುದುಕೀದರಾಗ ಆಗಿತ್ತಲ್ಲ? ಇನ್ನೆಷ್ಟು ಮಂದೀದು ಆಗೇತೋ. ಗೊತ್ತಾದಮ್ಯಾಲೆ ಹೆಂಗ ಹಾಕ್ಕೋಬೇಕ್ರಿ?” ಎಂಬ ಉತ್ತರ. ಅತ್ತೆಯ ಚಹಾದ ಲೋಟ ಬೇರೆಯಾದದ್ದು ಅಂದಿನಿಂದ.

ಕಿವಿ ಚೆನ್ನಾಗಿದೆ, ಮನುಷ್ಯ ಸುಳ್ಳು ಹೇಳುತ್ತಿಲ್ಲ. ಎರಡೂ ಒಟ್ಟಿಗೆ ನಿಜವಾಗುವುದು ಹೇಗೆ? ನೀಲಾಂಬಿಕಾ ಒಂದು ಮುಂಜಾನೆ ಎಲೆಪೇಟೆಗೇ ಹೋಗಿ ಮೂಲೆಯಲ್ಲಿ ನಿಂತರು. ಆ ಗದ್ದಲವನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಬಂದು, ಕೋಣೆಯಲ್ಲಿ ಅದನ್ನು ಹಚ್ಚಿ, ತಾವು ಬಾಯಿಗೆ ಕೈ ಅಡ್ಡ ಹಿಡಿದು ಒಂದೊಂದು ಪದ ಹೇಳಿದರು. ಹಾಲು. ಕೋಲು. ಸಾಲು. ಗೌಸರು ಮೂರಕ್ಕೂ ಹಾಲು ಎಂದರು. ಗದ್ದಲ ಬಂದ್ ಮಾಡಿ ಅದೇ ಪದಗಳನ್ನು ಪಿಸುಗುಟ್ಟಿದರೆ, ಒಂದೂ ತಪ್ಪಲಿಲ್ಲ.

ಓಡೋಡಿ ಹೋಗಿ ಡಾಕ್ಟರ್ ಪ್ರಶಾಂತ ಅವರಿಗೆ ಹೇಳಿದರು. ಸಂಸ್ಥೆಗೆ ಬರುವ ಕಿವಿ ವೈದ್ಯರು ಅವರು. ಪೂರ್ತಿ ಕೇಳಿ, ಮೊದಲು ಅವರು ಹೇಳಿದ್ದು ಇದು ಪರೀಕ್ಷೆ ಆಗುವುದಿಲ್ಲ ಎಂದು. ಮೊಬೈಲಿನ ಗದ್ದಲ ಎಷ್ಟು ಜೋರು, ನಿಮ್ಮ ದನಿ ಎಷ್ಟು ಜೋರು, ಅಳತೆ ಎಲ್ಲಿದೆ? ನಾಳೆ ಯಾರಾದರೂ ಕೇಳಿದರೆ ನಿಲ್ಲುವುದಿಲ್ಲ. ನೀಲಾಂಬಿಕಾ ಅವರ ಮುಖ ಸಣ್ಣದಾಯಿತಂತೆ. ಆಮೇಲೆ ಡಾಕ್ಟರು ಕುರ್ಚಿ ಎಳೆದುಕೊಂಡು ಕುಳಿತು ಹೇಳಿದ ಮಾತನ್ನು ಅವರು ಇಂದಿಗೂ ಹಾಗೆಯೇ ಒಪ್ಪಿಸುತ್ತಾರೆ: “ನೀಲಾಂಬಿಕಾ ಅವ್ರ, ನಿಮ್ಮ ಮೊದಲಿನ ಟೆಸ್ಟ್ ತಪ್ಪಿಲ್ಲ. ನಾವು ಕೇಳಿದ ಪ್ರಶ್ನೀನ ಸಣ್ಣದಿತ್ತು.”

ಇದಕ್ಕೆ ವೈದ್ಯರು ಅಡಗಿದ ಶ್ರವಣದೋಷ ಎನ್ನುತ್ತಾರೆ. ನೀಲಾಂಬಿಕಾ ಬಂದವರಿಗೆ ಅದನ್ನು ಬಾವಿಯ ಹಗ್ಗದ ಲೆಕ್ಕದಲ್ಲಿ ಹೇಳುತ್ತಾರೆ. “ಕಿವಿಯಿಂದ ಮಿದುಳಿಗೆ ಹೋಗೂದು ಒಂದು ಹಗ್ಗ ಅಂತ ತಿಳೀರಿ. ಭಾಳ ಎಳಿ ಕೂಡಿಸಿ ಹೊಸೆದ ಹಗ್ಗ. ವರ್ಷಾನುಗಟ್ಟಲೆ ಗದ್ದಲದಾಗ ಇದ್ರ ಒಳಗಿನ ಎಳಿ ಸವೀತಾವ. ಮ್ಯಾಲೆ ನೋಡಿದ್ರ ಹಗ್ಗ ಹಗ್ಗದಂಗ ಇರತೈತಿ. ಖಾಲಿ ಕೊಡ ಕಟ್ಟಿ ಎಳೀರಿ, ಬರತೈತಿ. ನನ್ನ ಕೋಣ್ಯಾಗಿನ ಟಿಕ್ ಟಿಕ್ ಅಂದ್ರ ಖಾಲಿ ಕೊಡ. ತುಂಬಿದ ಕೊಡ ಎಳಿಯೂಮುಂದ ಗೊತ್ತಾಗತೈತಿ ನೋಡ್ರಿ, ಎಷ್ಟು ಎಳಿ ಉಳದಾವು ಅಂತ. ಪ್ಯಾಟಿ ಗದ್ದಲದಾಗ ಒಂದು ಮಾತು ಆರಿಸಿ ತಗಿಯೂದು ತುಂಬಿದ ಕೊಡ.” ಕಿವಿಮೊರೆತ ಇರುವವರೆಲ್ಲರಿಗೂ ಹೀಗಾಗಿರುತ್ತದೆ ಎಂದಲ್ಲ. ಆದರೆ ಮೌನದ ಪರೀಕ್ಷೆಯಲ್ಲಿ ಪಾಸಾಗಿ, ಮೊರೆತದಿಂದ ನರಳುವವರಲ್ಲಿ ಕೆಲವರ ಹಗ್ಗ ಒಳಗೆ ಸವೆದಿರಬಹುದು. ಒಂದೇ ಪರೀಕ್ಷೆಯಿಂದ ಕಡ್ಡಿ ಮುರಿದಂತೆ ಹೇಳಲೂ ಆಗುವುದಿಲ್ಲ, ನಾಲ್ಕು ಕಡೆಯಿಂದ ನೋಡಬೇಕು ಎಂಬುದು ಡಾಕ್ಟರರ ಎಚ್ಚರಿಕೆ.

ಹಾಗೆಯೇ ನೋಡಿದರು. ಡಾಕ್ಟರರು ಹುಬ್ಬಳ್ಳಿಯ ತಮ್ಮ ಪರಿಚಯದವರಿಂದ ಅಳತೆ ಕಟ್ಟಿದ ಗದ್ದಲದ ಧ್ವನಿ, ಅದರ ನಡುವೆ ಪದಗಳು, ಎಲ್ಲವನ್ನೂ ಯಂತ್ರಕ್ಕೆ ಹಾಕಿಸಿಕೊಟ್ಟರು. ಗೌಸರನ್ನು ಹುಬ್ಬಳ್ಳಿಗೆ ಕರೆದೊಯ್ದು, ತಲೆಗೆ ತಂತಿ ಅಂಟಿಸಿ, ಕಿವಿಯ ನರ ಎಷ್ಟು ಗಟ್ಟಿಯಾಗಿ ಉತ್ತರ ಕೊಡುತ್ತದೆ ಎಂದು ಅಳೆಸಿದರು. ಸಾಮಾನ್ಯ ಪರೀಕ್ಷೆಯಲ್ಲಿ ನೋಡದ, ತೀರ ಮೇಲಿನ ಸ್ಥಾಯಿಯ ನಾದಗಳನ್ನೂ ಹಾಕಿ ನೋಡಿದರು. ಮೂರೂ ಒಂದೇ ಕಡೆ ಬೆರಳು ತೋರಿಸಿದವು. ಗದ್ದಲದಲ್ಲಿ ಈ ಮನುಷ್ಯನಿಗೆ ಮಾತು ತಿಳಿಯುವುದಿಲ್ಲ, ಇವರು ಹೇಳಿದ್ದು ನಿಜ ಎಂದು ಡಾಕ್ಟರು ಬರೆದು ಸಹಿ ಹಾಕಿದರು.

ಅದರೊಂದಿಗೆ ಪೇಟೆಯ ಹಿರಿಯರಿಗೊಂದು ಪತ್ರ. ಗೌಸರು ಹೇಳಿದಂತೆ ನೀಲಾಂಬಿಕಾ ಬರೆದರು. ಲಕೋಟೆಗೆ ವಿಳಾಸವೂ ಆಯಿತು. ಕಳ್ಳನೆಂಬ ಹೆಸರು ತೊಳೆದುಹೋಗುವ ದಿನ ಬಂತೆಂದು ನೀಲಾಂಬಿಕಾ ಅಂದುಕೊಂಡರು.

ಗೌಸರು ಪತ್ರ ಕಳಿಸಲಿಲ್ಲ. ಮನೆಗೆ ಒಯ್ದು ರೇಡಿಯೊದ ಹಿಂದೆ ಇಟ್ಟರು. ಆ ರೇಡಿಯೊ ಮಲಗುವಾಗ ಸಣ್ಣಗೆ ಹಚ್ಚಿಡಲು ನೀಲಾಂಬಿಕಾ ಅವರೇ ಹೇಳಿದ್ದು, ಹೊರಗೆ ಸಣ್ಣ ಸದ್ದಿದ್ದರೆ ಒಳಗಿನ ಮೊರೆತ ಸ್ವಲ್ಪ ಹಿಂದೆ ಸರಿಯುತ್ತದೆ. ಮೊರೆತಕ್ಕೆ ಗುಳಿಗೆ ಇಲ್ಲ, ಅದರ ಜೊತೆ ಬಾಳುವುದನ್ನು ಕಲಿಯಬೇಕು, ಅಷ್ಟೆ. ಪ್ರತಿ ವಾರ ಸವಣೂರಿಗೆ ಬಂದಾಗ “ಚಾಚಾ, ಕಳಿಸಿದ್ರ್ಯಾ?” ಎಂದು ಇವರು ಕೇಳುವುದು, “ಕಳಸೋಣಂತ ಬೇಟಿ” ಎಂದು ಅವರು ಅನ್ನುವುದು. ಮಳೆಗಾಲ ಹೋಯಿತು, ಚಳಿಗಾಲ ಬಂತು.

ಕೊನೆಗೊಂದು ದಿನ ಗೌಸರೇ ಬಾಯಿ ಬಿಟ್ಟರು. “ಕಳ್ಳ ಅಂದ್ರ ಹತ್ತು ಮಂದಿ ಹೌದು ಅಂತಾರ, ಹತ್ತು ಮಂದಿ ಛೇ ಅಲ್ಲ ಅಂತಾರ. ಕಿವುಡ ಅಂತ ನಾನ ಬರದು ಕೊಟ್ರ, ಅಲ್ಲ ಅನ್ನಾವ ಯಾರು ಉಳೀತಾರ ಹೇಳು? ಇವತ್ತಿಲ್ಲ ನಾಳೆ ಕರದಾರು, ಮತ್ತ ಕಟ್ಟಿ ಹತ್ತೇನು ಅಂತ ಒಂದು ಆಸೆ ಐತಿ. ಆ ಲಕೋಟಿ ಹೋತಂದ್ರ ಅದೂ ಹೋತು.”

ನೀಲಾಂಬಿಕಾ ಅವರ ಯಂತ್ರ ಮನುಷ್ಯನಿಗೆ ಎಷ್ಟು ಕೇಳುತ್ತದೆ ಎಂದು ಹೇಳಬಲ್ಲದು. ಕೇಳದವನು ನಾಳೆ ಏನು ಮಾಡಬೇಕು ಎಂದು ಹೇಳುವ ಗುಂಡಿ ಅದರಲ್ಲಿಲ್ಲ. ಮೌನದ ಕೋಣೆಯಲ್ಲಿ ದಿನವಿಡೀ ಒಬ್ಬರೇ ಕೂರುವವರು. ಒಬ್ಬರು ಹೋಗಿ ಇನ್ನೊಬ್ಬರು ಬರುವ ನಡುವೆ ಕೌದಿಯ ಹೊಲಿಗೆ ನೋಡುತ್ತ ಕೂತಿರುತ್ತಾರೆ. “ಕೆಲವೊಮ್ಮೆ ಅಷ್ಟು ಸಪ್ಪಳಿಲ್ಲದಾಗ ನನಗೂ ಕಿವ್ಯಾಗ ಏನೋ ಕೂಗಿದಂಗ ಆಗತೈತ್ರಿ. ಅಂಜಿ ಬಾಗ್ಲಾ ತಗೀತೇನಿ. ಹೊರಗ ನಾಯಿ ಬೊಗಳೂದು ಕೇಳಿದ್ರ ಸಮಾಧಾನ.”

ದಾರಿ ಕಂಡದ್ದು ಹಾನಗಲ್ಲಿನ ದನದ ಸಂತೆಯಲ್ಲಿ. ಗೌಸರ ಅಳಿಯ ರಫೀಕ ಅಲ್ಲಿ ದಲಾಲಿ. ಎಮ್ಮೆ ಮಾರಲು ಜೊತೆಗೆ ಬಾ ಎಂದು ಮಾವನನ್ನು ಕರೆದೊಯ್ದಿದ್ದ. ಮುಂದಿನ ವಾರ ಗೌಸರು ಕೌದಿ ಕೋಣೆಗೆ ಬಂದು, ಕುರ್ಚಿಯ ಮೇಲೆ ಕೂರುವ ಮೊದಲೇ ನಗುತ್ತ ಹೇಳಿದರು: “ಬೇಟಿ, ಅಲ್ಲಿ ಗದ್ದಲ ನಮ್ಮ ಎಲಿಪ್ಯಾಟೀದರ ಅಪ್ಪ! ಎಮ್ಮಿ ಒದರ್ತಾವ, ಮಂದಿ ಒದರ್ತಾರ. ಆದ್ರ ದರ ಮಾತ್ರ ಒಂದೂ ತಪ್ಪಲಿಲ್ಲ ನನಗ.”

“ಹೆಂಗ್ರಿ ಚಾಚಾ?”

“ಅಲ್ಲಿ ದರ ಬಾಯಿಲೆ ಎಲ್ಲಿ ಹೇಳ್ತಾರ? ಟಾವೆಲ್ ಕೆಳಗ ಬಟ್ಟು ಹಿಡೀತಾರ!”

ದನದ ಸಂತೆ ನೋಡಿದವರಿಗೆ ಇದು ಗೊತ್ತು. ಕೊಳ್ಳುವವನ ಕೈ, ಮಾರುವವನ ಕೈ, ಮೇಲೊಂದು ಟವೆಲು. ಒಳಗೆ ಬೆರಳು ಒತ್ತಿ, ಮಡಚಿ, ಎಳೆದು ದರ ಹೇಳುತ್ತಾರೆ. ಪಕ್ಕದಲ್ಲಿ ನಿಂತವನಿಗೂ ತಿಳಿಯುವುದಿಲ್ಲ. ಅಲ್ಲಿ ಮಾತು ಬರೀ ಮೇಲಿನ ಉಪಚಾರ, ವ್ಯಾಪಾರವೆಲ್ಲ ಕೈಯಲ್ಲೇ.

“ಹಂಗಾರ ಅಲ್ಲಿ ಕಿವಿ ಬೇಕಾಗಿಲ್ಲಲ್ರಿ” ಎಂದರು ನೀಲಾಂಬಿಕಾ.

ಗೌಸರ ನಗು ನಿಂತಿತು. ತಮ್ಮ ಅಂಗೈ ತಿರುಗಿಸಿ ನೋಡಿಕೊಂಡರಂತೆ. ಮರು ಸಂತೆಗೆ ರಫೀಕನ ಜೊತೆ ಮತ್ತೆ ಹೋದರು. ಈಗ ದಲಾಲಿಗೆಂದು ಹೋಗುತ್ತಲೇ ಇದ್ದಾರೆ. “ಮೊದಲ ನಾಲ್ಕು ಸಂತಿ ನನ್ನ ಕೈ ಯಾರೂ ಹಿಡೀಲಿಲ್ಲ. ಸವಣೂರಿನ ಸುದ್ದಿ ಅಲ್ಲಿಗೂ ಹೋಗಿತ್ತಲ್ಲ. ಆಮ್ಯಾಲೆ ಒಬ್ಬಾಂವ ಮುದುಕ ಬಂದು ಹಿಡದ. ‘ನಿನ್ನ ಬಟ್ಟು ಸುಳ್ಳು ಹೇಳೂದಿಲ್ಲ ಬಿಡು’ ಅಂದ. ಅಷ್ಟ ಸಾಕಾತು” ಎನ್ನುತ್ತಾರೆ ಗೌಸರು. ಅದನ್ನು ಹೇಳುವಾಗ ಕೈ ಟವೆಲಿನ ಕೆಳಗೆ ಇದ್ದಂತೆ ಬೆರಳು ಆಡುತ್ತವೆ.

ಅತ್ತ ಹಿರೇಬೆಂಡಿಗೇರಿಯಲ್ಲೂ ಒಂದು ಮುಂಜಾನೆ ಏನೋ ಆಯಿತು. ಹೊನ್ನವ್ವನ ತಂಗಿಗೆ ಕಣ್ಣಿನ ಆಪರೇಷನ್. ಆಸ್ಪತ್ರೆಯಲ್ಲಿ ಬಳೆ ತೆಗೆಸಿ, ಶಾಸ್ತ್ರಕ್ಕೆಂದು ಮನೆಯವರು ಆಕೆಯ ಕೈಗೆ ಅರಿಷಿಣದ ದಾರ ಕಟ್ಟಿದ್ದನ್ನು ಹೊನ್ನವ್ವ ನೋಡಿ ಬಂದರು. ಮೂರನೆಯ ಮುಂಜಾನೆ ಸೊಸೆ ಹಿತ್ತಲಿನಿಂದ ಬಳೆ ತೆಗೆದು ಒಳಗೆ ಬಂದಾಗ, ಹೊನ್ನವ್ವ ಒಲೆ ಮುಂದೆ ಹಸಿ ಅರಿಷಿಣದಲ್ಲಿ ನೆನೆಸಿದ ನೂಲಿನ ಎಳೆ ಹಿಡಿದು ಕೂತಿದ್ದರು.

“ಇದೇನು ಸಪ್ಪಳ ಮಾಡಾಂಗಿಲ್ಲಲ್ಲ? ತಾ ಇಲ್ಲೆ ಕೈ” ಎಂದು ಎರಡೂ ಮಣಿಕಟ್ಟಿಗೆ ಕಟ್ಟಿದರು. “ಮೊದಲ ಹೇಳಾಕ ಏನಾಗಿತ್ತು ನಿನಗ, ಸಪ್ಪಳದ ಸಲುವಾಗಿ ಅಂತ?”

“ಹೇಳಿದ್ನೆಲ್ರಿ ಅತ್ತಿ!”

“ಹೇಳಿದ್ದಿ. ನನಗ ಕೇಳಿಸಿದ್ದಿಲ್ಲ” ಎಂದು ಹೊನ್ನವ್ವ ಲೋಟ ಮುಂದಕ್ಕೆ ಚಾಚಿದರಂತೆ. ಅಂದಿನ ಚಹಾ ಸೊಸೆಯೇ ಸೋಸಿದರು. ಹಾಗಂತ ಎಲ್ಲ ಸರಿಹೋಯಿತು ಎಂದು ತಿಳಿಯಬಾರದು. ದಾರ ಮಾಸಿದ ದಿನ ಮತ್ತೆ ಅವರ ಚಹಾ ಅವರೇ ಕಾಸಿಕೊಳ್ಳುತ್ತಾರೆ. ಇವತ್ತಿನ ದಾರ ಮಾಸಿದೆ.

ಸವಣೂರಿನ ಕೋಣೆಯ ಕೀಲಿ ತೆಗೆಯುವ ಮೊದಲೇ ಬಾಗಿಲಲ್ಲಿ ಗೌಸರು ನಿಂತಿದ್ದಾರೆ. ಕೈಯಲ್ಲಿ ಲಕೋಟೆ. ಅಂಚು ಮೆತ್ತಗಾಗಿದೆ, ರೇಡಿಯೊದ ಹಿಂದಿನ ಧೂಳು ಒಂದು ಪಟ್ಟಿಯಂತೆ ಕೂತಿದೆ.

“ನಡಿ ಬೇಟಿ, ಅಂಚೆ ಆಫೀಸಿಗೆ. ಇನ್ನ ಕಟ್ಟಿ ಹಾದಿ ಕಾಯೂದಿಲ್ಲ, ನನಗ ಸಂತಿ ಐತಿ.”

“ಎರಡು ಓಣಿ ದಾಟಿದ್ರ ಎಲಿಪ್ಯಾಟಿ. ಕೈಯಾಗ ಕೊಟ್ಟು ಬರಬಾರದೇನ್ರಿ ಚಾಚಾ?”

“ಕೈಯಾಗ ಕೊಟ್ರ ಕಿಸೇದಾಗ ಇಟ್ಕೊಂಡು ಮರೀತಾರ. ಸರ್ಕಾರಿ ಸಿಕ್ಕಾ ಬಿದ್ದು ಬಂದ್ರ ನಾಲ್ಕು ಮಂದಿ ಮುಂದ ಒಡೀತಾರ. ಆವತ್ತು ನಿನ್ನ ಹಾಳಿ ಒದರಿ ಓದಿದ್ರಲ್ಲ, ಇದನ್ನೂ ಒದರಿ ಓದಲಿ.”

ದಾರಿಯಲ್ಲಿ ನೀಲಾಂಬಿಕಾ ತಮ್ಮದೊಂದು ಸಣ್ಣ ಆಸೆ ಹೇಳುತ್ತಾರೆ. ದೊಡ್ಡದೇನಲ್ಲ. ಪರೀಕ್ಷೆಯ ಕಾಗದದ ಮೇಲೆ ಬರೀ ನಾರ್ಮಲ್ ಎಂದು ಅಚ್ಚಾಗಿರುತ್ತದಲ್ಲ, ಅದರ ಮುಂದೆ ‘ಸದ್ದಿಲ್ಲದ ಕೋಣೆಯಲ್ಲಿ’ ಎಂಬ ಎರಡು ಮಾತು ಅಚ್ಚಾಗಬೇಕು. ಸದ್ಯ ಅದನ್ನು ಅವರು ಪ್ರತಿ ಕಾಗದಕ್ಕೂ ಕೈಯಿಂದ ಬರೆಯುತ್ತಾರೆ. ಡಾಕ್ಟರು ಹೂಂ ಎಂದಿದ್ದಾರೆ, ಹಳೆಯ ಅಚ್ಚಿನ ಕಾಗದ ಮುಗಿಯಬೇಕಂತೆ. “ಕಿವಿ ಗುಂಯ್ ಅಂತೈತಿ, ಗದ್ದಲದಾಗ ಮಾತು ತಿಳೀವಲ್ದು ಅಂತ ಹೇಳಿ ಬಂದಾವ್ರಿಗೆ ‘ನಿಮಗೇನೂ ಆಗಿಲ್ಲ’ ಅಂತ ಕಳಸಬಾರ್ದ್ರಿ. ಆಗೇತಿ ಅಂತ ಅವರಿಗೆ ಗೊತ್ತಿರತೈತಿ. ಆಮ್ಯಾಲೆ ಅವರು ಯಾರ ಮುಂದೂ ಹೇಳೂದಿಲ್ಲ.”

ಅಂಚೆ ಕಚೇರಿಯಲ್ಲಿ ಪಿಂಚಣಿಯ ಗದ್ದಲ. ಮುದುಕರು, ಮಕ್ಕಳನ್ನು ಎತ್ತಿಕೊಂಡವರು, ಕಿರಿಕಿರಿ ಎನ್ನುವ ಪ್ರಿಂಟರು. ಗೌಸರ ಪಾಳಿ ಬರುತ್ತದೆ. ಕಿಟಕಿಯ ಆಚೆಯ ಹುಡುಗಿ ತಲೆ ತಗ್ಗಿಸಿಕೊಂಡೇ ಏನೋ ಕೇಳುತ್ತಾಳೆ. ಗೌಸರಿಗೆ ತಿಳಿಯುವುದಿಲ್ಲ. ಅವಳು ಮತ್ತೆ ಕೇಳುತ್ತಾಳೆ. ಹಿಂದಿನಿಂದ ಯಾರೋ “ಲಗೂ ಮಾಡ್ರಿ ಯಜಮಾನ್ರ” ಎನ್ನುತ್ತಾರೆ. ಗೌಸರು ಅಭ್ಯಾಸಬಲದಿಂದ ನೀಲಾಂಬಿಕಾ ಕಡೆ ತಿರುಗುತ್ತಾರೆ. ನೀಲಾಂಬಿಕಾ ಅವರಿಗೆ ಆ ಮಾತು ಸ್ಪಷ್ಟವಾಗಿ ಕೇಳಿದೆ. ಅರಿಷಿಣ ದಾರದ ಕೈಯಿಂದ ಸೆರಗಿನ ತುದಿ ಹಿಡಿದುಕೊಂಡು ಸುಮ್ಮನೆ ನಿಲ್ಲುತ್ತಾರೆ.

ಗೌಸರು ಕಿಟಕಿಗೆ ತಿರುಗಿ, ಸವಾಲು ಕೂಗುತ್ತಿದ್ದ ಆ ಹಳೆಯ ದನಿಯಲ್ಲಿ, ಇಡೀ ಕಚೇರಿಗೆ ಕೇಳುವಂತೆ ಹೇಳುತ್ತಾರೆ: “ತಂಗಿ, ಗದ್ದಲದಾಗ ನನಗ ಮಾತು ತಿಳಿಯಾಂಗಿಲ್ಲ. ಮಾರಿ ಮ್ಯಾಲೆತ್ತಿ ಇನ್ನೊಮ್ಮೆ ಹೇಳವಾ.”

ಹುಡುಗಿ ಮುಖ ಎತ್ತುತ್ತಾಳೆ. “ಕಳಸಾವ್ರ ಫೋನ್ ನಂಬರ್ ಹೇಳ್ರಿ ಅಜ್ಜಾ.”

ಗೌಸರು ಒಂದೊಂದೇ ಅಂಕಿ ಹೇಳುತ್ತಾರೆ.

“ನಾ ಒಂದ ಮಾತೂ ಆಡ್ಲಿಲ್ಲ, ನೋಡಿದ್ರ್ಯಾ” ಎಂದು ನೀಲಾಂಬಿಕಾ ಪಿಸುಗುಟ್ಟುತ್ತಾರೆ. ಇಷ್ಟು ವರ್ಷದ ಕೆಲಸದಲ್ಲಿ ತಮ್ಮ ಬಗ್ಗೆ ಅವರು ಹೆಮ್ಮೆಯಿಂದ ಹೇಳಿಕೊಂಡದ್ದು ಇದೊಂದೇ.

ಹುಡುಗಿ ಲಕೋಟೆಯ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿ, ಚೀಟಿ ಅಂಟಿಸಿ, ಸಿಕ್ಕಾ ಒತ್ತಿ, ಹಿಂದೆ ಬಾಯ್ದೆರೆದು ನಿಂತ ಚೀಲಕ್ಕೆ ಹಾಕುತ್ತಾಳೆ.